ಪರದೆಯಾಚೆಯ ಕೊಲೆಗಾರ

“ಒಂದು ಮಾತು ಕೇಳಬೇಕು ನಿಮ್ಮನ್ನ. ಆ ಬಂಗಲೇಲಿ ಮರ್ಯಾದಸ್ಥ ಅಂತ ಇದ್ದವನು ಅವನೊಬ್ಬ. ಅವನನ್ನೇ ಯಾಕೆ ನೇಣಿಗೆ ಕಳಿಸಿದ್ರಿ?”

ಗೋಡೌನಿನ ಬಾಗಿಲಿಗೆ ಅಡ್ಡ ನಿಂತು ಗಿರಿಜಾಂಬಾ ಹೀಗೆ ಕೇಳಿದಾಗ, ಸಿನಿಮಾ ಹೇಳುವ ನಾಗೇಶ ಒದ್ದೆ ಪರದೆಯನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬರುತ್ತಿದ್ದ. ಕತ್ತಲಿಂದ ಬಿಸಿಲಿಗೆ ಬಂದ ಅವನ ಕಣ್ಣು ಚುಚ್ಚುತ್ತಿದ್ದವು. ಎದುರಿಗಿದ್ದ ಹುಡುಗಿಯ ಕಣ್ಣು ಅದಕ್ಕಿಂತ ಹೆಚ್ಚು ಚುಚ್ಚಿದವು.

“ಯಾರನ್ನ?”

“ಕೊನೇಲಿ ಹಿಡಿದ್ರಲ್ಲ, ಅವನನ್ನ. ಉಳಿದವರೆಲ್ಲ ಎಡಗೈಲಿ ತಿಂದ್ರು, ಎಡಗೈಲಿ ಕುಡಿದ್ರು, ಎಡಗೈ ಕೊಟ್ಟು ನಮಸ್ಕಾರ ಮಾಡಿದ್ರು. ಥೂ! ಪಾಪ, ಬಲಗೈ ಉಪಯೋಗಿಸೋನು ಅವನೊಬ್ಬನೇ. ನೀವು ಗಂಟಲು ಹರ್ಕೊಂಡು ಅವನನ್ನ ಎಡಚ ಅಂದ್ರಿ. ಎಡಗೈ ಯಾವುದು ಅಂತಾದ್ರೂ ಗೊತ್ತಾ ನಿಮಗೆ?”

ಕೋಟಿನ ಕಿಸೆಯಲ್ಲಿದ್ದ ನಾಗೇಶನ ಎಡಗೈ ಇನ್ನೂ ಆಳಕ್ಕೆ ಸರಿಯಿತು.

“ಗೊತ್ತಮ್ಮಾ, ಚೆನ್ನಾಗಿ ಗೊತ್ತು,” ಎಂದ. “ಅದನ್ನ ಕೇಳೋಕೇ ಬಂದು ನಿಂತ್ರಾ? ಮನೇಲಿ ಬೇರೆ ಕೆಲಸ ಇಲ್ವಾ?”

ಅವಳು ಬಾಗಿಲು ಬಿಟ್ಟು ಸರಿಯುವ ತನಕ ಕಾದು, ಹಿಂದೆ ತಿರುಗದೆ ಹೊರಟುಹೋದ.

ಗಿರಿಜಾಂಬಾ ತುಟಿ ಕೊಂಕಿಸಿದಳು. ಕಿಸೆಯಲ್ಲಿ ಕೈ ಇಟ್ಟುಕೊಂಡ ಠೀವಿ ನೋಡಬೇಕು! ಪತ್ತೇದಾರನನ್ನು ತೋರಿಸೀ ತೋರಿಸೀ ತಾನೇ ಪತ್ತೇದಾರ ಆಗಿಬಿಟ್ಟಿದ್ದಾನೆ ಈ ಆಸಾಮಿ.

ಅದು ಯುದ್ಧದ ಕಾಲ. ಬಸ್ಸುಗಳು ಪೆಟ್ರೋಲು ಮರೆತು ಇದ್ದಿಲ ಹೊಗೆ ಕುಡಿದು ಓಡುತ್ತಿದ್ದವು. ಕೂಲಿಯವರು ಮಿಲಿಟರಿ ರಸ್ತೆಯ ಕೆಲಸಕ್ಕೆ ಓಡಿಹೋಗುತ್ತಾರೆಂದು ಹೆದರಿದ ಎಸ್ಟೇಟಿನ ಬಿಳಿಯ ದೊರೆಗಳು, ಅವರನ್ನು ಹಿಡಿದಿಟ್ಟುಕೊಳ್ಳಲು ಭಾನುವಾರದ ಮಧ್ಯಾಹ್ನ ಸಿನಿಮಾ ತೋರಿಸುವ ಉಪಾಯ ಹೂಡಿದ್ದರು. ಬಾಳೂರು ಕಡೆಯ ಹಾಲುಗುಡ್ಡ ಎಸ್ಟೇಟಿನಲ್ಲಿ ಹಣ್ಣು ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯೆಲ್ಲ ಲಾರಿ ಹತ್ತಿಹೋಗಿ ಗೋಡೌನು ಖಾಲಿಯಾಗಿತ್ತು. ಕಿಟಕಿಗಳಿಗೆ ಗೋಣಿ ಬಡಿದರೆ ಹಗಲಲ್ಲೂ ಕತ್ತಲು. ನಡುವೆ ಒಂದು ದೊಡ್ಡ ಬಿಳಿ ಬಟ್ಟೆ ಕಟ್ಟಿ ನೀರು ಚಿಮುಕಿಸುವರು. ಚಿತ್ರ ಬಿಡುವ ಮಿಷನ್ನಿನ ಕಡೆ ಗಂಡಸರು, ಬಟ್ಟೆಯ ಆಚೆ ಹೆಂಗಸರು. ನೆನೆದ ಬಟ್ಟೆಯಲ್ಲಿ ಬೆಳಕು ತೂರಿ ಎರಡೂ ಕಡೆಗೆ ಚಿತ್ರ ಕಾಣುತ್ತಿತ್ತು.

ಮಾತೆಲ್ಲ ಇಂಗ್ಲಿಷು. ಆದ್ದರಿಂದ ಬಟ್ಟೆಯ ಅಂಚಿನಲ್ಲಿ ನಾಗೇಶ ಕೋಲು ಹಿಡಿದು ನಿಂತು ಎರಡೂ ಕಡೆಗೆ ಕೇಳುವಂತೆ ಕನ್ನಡದಲ್ಲಿ ಕಥೆ ಹೇಳುತ್ತಿದ್ದ.

ಕಥೆಯಾದರೂ ಎಂಥದು! ಮಂಜು ಕವಿದ ಬಂಗಲೆ. ಹಣವಂತ ಮುದುಕ ಸತ್ತು ಬಿದ್ದಿದ್ದಾನೆ. ಹೆಣದ ಎದುರು ಅಳುವವರು ಒಬ್ಬರಿಲ್ಲ, ದೀಪ ಹಚ್ಚುವವರು ಒಬ್ಬರಿಲ್ಲ. ಉದ್ದ ಕೋಟಿನವನೊಬ್ಬ ಬಂದು, ಮನೆಯೊಳಗೂ ಟೋಪಿ ತೆಗೆಯದೆ, ಸತ್ತವನ ಮುಖಕ್ಕೇ ಹೊಗೆ ಬಿಡುತ್ತಾನೆ. ಅವನೇ ಜಾಣ. ಗಾಯ ನೋಡಿ, ಇರಿದವನು ಎಡಚ ಅನ್ನುತ್ತಾನೆ. ಆಮೇಲೆ ಮಾತಾಡುತ್ತಾ ಆಡುತ್ತಾ ಒಬ್ಬೊಬ್ಬರ ಕಡೆಗೂ ಫಕ್ಕನೆ ಬೆಂಕಿಪೊಟ್ಟಣ ಎಸೆಯುತ್ತಾನೆ. ಯಾರು ಯಾವ ಕೈಯಲ್ಲಿ ಹಿಡಿದರೆಂದು ನೋಡಿ ಕೊಲೆಗಾರನನ್ನು ಹಿಡಿಯುತ್ತಾನೆ. ಆಗ ನಾಗೇಶ ಕೋಲು ಎತ್ತಿ, “ನೋಡಿ, ಎಡಗೈಯವನೇ ಕೊಲೆಗಾರ! ಎಡಗೈಯವರನ್ನ ನಂಬಬಾರದು ಕಣ್ರೀ!” ಎಂದು ಗುಡುಗುತ್ತಿದ್ದ. ಗಂಡಸರ ಕಡೆಯಿಂದ ಸಿಳ್ಳೆ ಏಳುತ್ತಿತ್ತು. ಹೆಂಗಸರ ಕಡೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು.

“ಅವನು ಹಿಡಿದದ್ದು ಬಲಗೈಲಿ ಅಲ್ವಾ ಅಮ್ಮಾ?” ಎಂದು ಕಾಫಿ ಹಣ್ಣು ಕೊಯ್ಯುವ ಅಣ್ಣಮ್ಮ ಅಂದು ಗಿರಿಜಾಂಬಾಳ ಕಿವಿಯಲ್ಲಿ ಕೇಳಿದ್ದಳು.

“ಬಲಗೈಲೇ. ಹೇಳೋನಿಗೆ ಕಣ್ಣಿಲ್ಲ, ಸಿನಿಮಾ ಮಾಡಿದೋನಿಗೆ ಬುದ್ಧಿಯಿಲ್ಲ.”

ಗಿರಿಜಾಂಬಾ ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರು ಶಾಂತವೀರಪ್ಪನವರ ಮಗಳು. ತಾಯಿ ಇಲ್ಲದೆ ಅಜ್ಜಿ ವಿಶಾಲಾಕ್ಷಮ್ಮನ ಕೈಯಲ್ಲಿ ಬೆಳೆದವಳು. ನೋಡಲು ಬಂದ ಗಂಡುಗಳನ್ನೆಲ್ಲ ಒಂದೊಂದು ಮಾತಿನಲ್ಲಿ ಮುಗಿಸಿ ಕಳಿಸಿದ್ದಳು. ಈ ಸಿನಿಮಾದವನಿಗಂತೂ ಅವಳು ಒಂದು ಮಾತು ಕೂಡ ದಂಡ ಎಂದುಕೊಂಡಿದ್ದಳು. ರೈಟರ ಮನೆಯಲ್ಲಿ ಉಣ್ಣಲು ಕರೆದರೆ, “ಊಟ ಕೋಣೆಗೇ ಕಳಿಸಿ” ಎನ್ನುತ್ತಿದ್ದ. ನಾಲ್ಕು ಜನರ ಜೊತೆ ಎಲೆ ಮುಂದೆ ಕೂರಲು ಅವನಿಗೇನು ಕೊಂಬು?

ಮುಂದಿನ ಭಾನುವಾರ ಬೇರೆ ಚಿತ್ರ ಬರಬೇಕಿತ್ತು. ರೀಲು ತರುವ ಡ್ರೈವರ್ ಇದ್ರೀಸನ ಬಸ್ಸು ಕೊಟ್ಟಿಗೆಹಾರದಲ್ಲಿ ಕೆಟ್ಟು ನಿಂತು ರೀಲಿನ ಪೆಟ್ಟಿಗೆ ಅಲ್ಲೇ ಉಳಿಯಿತು. ಮತ್ತೆ ಅದೇ ಬಂಗಲೆ, ಅದೇ ಹೆಣ, ಅದೇ ಟೋಪಿ.

ಈ ಸಲ ಗಿರಿಜಾಂಬಾ ಕೂರಲಿಲ್ಲ. ಬೆಂಕಿಪೊಟ್ಟಣ ಎಸೆಯುವ ಹೊತ್ತಿಗೆ ಕತ್ತಲಲ್ಲಿ ಗೋಡೆ ಹಿಡಿದು ನಡೆದು ಬಟ್ಟೆಯ ಅಂಚಿಗೆ ಬಂದಳು. ಕತ್ತು ಚಾಚಿ ಗಂಡಸರ ಕಡೆಯಿಂದ ನೋಡಿದಳು.

ಎಲ್ಲರೂ ಬಲಗೈಯಲ್ಲಿ ಹಿಡಿದರು. ಅವನೊಬ್ಬ ಎಡಗೈಯಲ್ಲಿ ಹಿಡಿದ.

ಕತ್ತು ಹಿಂದಕ್ಕೆ ತೆಗೆದಳು. ಬಲಗೈ. ಮತ್ತೆ ಚಾಚಿದಳು. ಎಡಗೈ. ಒಂದೇ ಬಟ್ಟೆ, ಒಂದೇ ಮನುಷ್ಯ. ಕನ್ನಡಿಯಲ್ಲಿ ಬೈತಲೆ ತೆಗೆಯುವಾಗ ದಿನಾ ಕಾಣುವ ಸಂಗತಿ ಇಲ್ಲಿ ತೋಚಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ತಿರಸ್ಕಾರ ಬಂತು.

ಆಗಲೇ ಅವಳಿಗೆ ಇನ್ನೊಂದು ಕಂಡಿತು. ಮೊಳ ದೂರದಲ್ಲಿ ನಾಗೇಶ ನಿಂತಿದ್ದ. ಕತ್ತಲಲ್ಲಿ ಯಾರು ನೋಡುತ್ತಾರೆಂಬ ಧೈರ್ಯಕ್ಕೆ ಅವನ ಕೈ ಕಿಸೆಯಿಂದ ಹೊರಗೆ ಬಂದಿತ್ತು. ಕೋಲು ಇದ್ದದ್ದು ಎಡಗೈಯಲ್ಲಿ. ಎಷ್ಟು ಸಲೀಸಾಗಿ ಆಡುತ್ತಿತ್ತು ಆ ಕೈ! ಭತ್ತ ಕೇರುವ ಹೆಂಗಸಿನ ಕೈಯ ಹಾಗೆ, ಯೋಚನೆಯೇ ಇಲ್ಲದೆ.

ಅವನು ತಿರುಗಿದ. ಚಿತ್ರದ ಬೆಳಕು ಇಬ್ಬರ ಮುಖದ ಮೇಲೂ ಅಲ್ಲಾಡುತ್ತಿತ್ತು. ಅವಳ ನೋಟ ಅವನ ಕಣ್ಣಿಂದ ಕೈಗೆ ಇಳಿದು, ಕೈಯಿಂದ ಕಣ್ಣಿಗೆ ಏರಿತು.

“ಇವನೇ… ಇವನೇ ಅಂತೆ,” ಎಂದಷ್ಟೇ ಹೇಳಿ ನಿಲ್ಲಿಸಿದ.

“ಏ, ಎಡಗೈ ಅನ್ನಪ್ಪಾ! ಅದೇ ಮುಖ್ಯ!” ಮುಂದಿನ ಕುರ್ಚಿಯಿಂದ ಟೋಪಿಯವನೊಬ್ಬ ಕೂಗಿದ. ನಾಗೇಶ ಅನ್ನಲಿಲ್ಲ. ಸಿಳ್ಳೆಯೂ ಏಳಲಿಲ್ಲ.

ಸಂಜೆಯ ಬಿಸಿಲು ಕಾಫಿ ಒಣಗಿಸುವ ಕಣದ ಮೇಲೆ ಉದ್ದಕ್ಕೆ ಬಿದ್ದಿದ್ದಾಗ ಗಿರಿಜಾಂಬಾ ತಾನೇ ಊಟದ ಕ್ಯಾರಿಯರು ಹಿಡಿದು ಬಂದಳು. ನಾಗೇಶ ಕಣದ ಕಟ್ಟೆಯ ಮೇಲೆ ಕೂತಿದ್ದ. ಕೆಳಗಿನ ದಾರಿಯಲ್ಲಿ ಹೆಂಗಸರು ಕೂಲಿ ಲೈನಿನ ಮನೆಗಳ ಕಡೆಗೆ ಇಳಿಯುತ್ತಾ ಇಬ್ಬರನ್ನೂ ಒಮ್ಮೆ ನೋಡಿ ನಕ್ಕು ಹೋದರು.

“ಕಿಸೆಯಿಂದ ಕೈ ತೆಗೀರಿ,” ಎಂದಳು.

“ಯಾಕೆ?”

“ಊಟ ಮಾಡಬೇಕಲ್ಲ ಮಾರಾಯ್ರೆ. ಕಿಸೇಲಿ ಉಣ್ತೀರಾ?”

“ನೀವು ಹೋದ ಮೇಲೆ ಉಣ್ತೀನಿ.”

“ನಾನು ಹೋಗೋದಿಲ್ಲ.”

ಅವನು ಅವಳನ್ನೇ ನೋಡಿದ. ಹಾಸ್ಯ ಮಾಡುವ ಮುಖವೋ ಅಲ್ಲವೋ ತಿಳಿಯಲಿಲ್ಲ. ಕೊನೆಗೆ ಸೋತವನಂತೆ ಕೈ ಹೊರತೆಗೆದು, ತೊಳೆದು, ರೊಟ್ಟಿ ಮುರಿದ. ಎಡಗೈಯಲ್ಲೇ. ಮೊದಲ ತುತ್ತು ಬಾಯಿಗೆ ಹೋಗುವವರೆಗೂ ಅವಳು ರೆಪ್ಪೆ ಬಡಿಯಲಿಲ್ಲ.

“ಇಷ್ಟೇನಾ?” ಎಂದಳು. “ಇದಕ್ಕೇನಾ ಇಷ್ಟು ದಿನ ನಿಮ್ಮನ್ನ ಗರ್ವಿಷ್ಠ ಅಂತ ಬೈದದ್ದು? ನನ್ನ ಬೈಗುಳ ಎಲ್ಲಾ ದಂಡ.”

“ಆವತ್ತು ಬಾಗಿಲಲ್ಲಿ ನೀವು ನನ್ನನ್ನೇ ಹಂಗಿಸ್ತಿದೀರಿ ಅಂದ್ಕೊಂಡೆ.”

“ನಿಮ್ಮನ್ನ ಹಂಗಿಸೋಕೆ ಬೇರೆ ಬೇಕಾದಷ್ಟಿದೆ. ಆ ಕೋಟು ಒಂದೇ ಸಾಕು.”

ಅವನಿಗೆ ನಗು ಬಂತು. ನಗು ಬಂದ ಮೇಲೆ ಮಾತೂ ಬಂತು. ಅವನದು ಕಡೂರು ಕಡೆಯ ಹಳ್ಳಿ. ಮಗ್ಗಿ ಬರೆಯುವಾಗ ಮೇಷ್ಟರು ಎಡಗೈಯನ್ನು ಕಂಬಕ್ಕೆ ಕಟ್ಟುತ್ತಿದ್ದರು. ದೊಡ್ಡವನಾದ ಮೇಲೆ ಬೀರೂರಿಗೆ ಹೆಣ್ಣು ನೋಡಲು ಹೋದರೆ, ಉಪ್ಪಿಟ್ಟು ತಿನ್ನುವಾಗ ಮರೆತು ಎಡಗೈ ಹಾಕಿದ. ಬಾಗಿಲ ಸಂದಿನಿಂದ ನಗು ಕೇಳಿಸಿತು. ಮಾತು ಅಲ್ಲಿಗೇ ಮುರಿಯಿತು.

“ಅದೆಲ್ಲ ಹೋಗಲಿ,” ಎಂದ ನಾಗೇಶ, ದನಿ ತಗ್ಗಿಸಿ. “ಪೂಜೆಗೂ ನನಗೆ ಹಾಗೇ. ಲಿಂಗ ಬಲಗೈಲಿ ಇಟ್ಕೊಂಡು ಎಡಗೈಲಿ ಹೂ ಏರಿಸಿದ್ರೇ ಮನಸ್ಸು ನಿಲ್ಲೋದು. ಲೋಕ ಮಾಡೋದರ ತಿರುವುಮುರುವು. ಅಪಚಾರ ಅಂತ ಅಪ್ಪ ನನ್ನ ಪಕ್ಕದಲ್ಲಿ ಕೂರಿಸೋದು ಬಿಟ್ರು. ನಾನು ಊರು ಬಿಟ್ಟೆ. ಕತ್ತಲಲ್ಲಿ ನಿಲ್ಲೋ ಕೆಲಸ ಸಿಕ್ತು. ಹೊಟ್ಟೆಪಾಡಿಗೆ ವಾರ ವಾರ ಎಡಗೈಯವನೇ ಕೊಲೆಗಾರ ಅಂತ ಕೂಗ್ತೀನಿ.”

ಗಿರಿಜಾಂಬಾ ಗೋಡೌನಿನ ಕಡೆ ತಿರುಗಿ ನೋಡಿದಳು. ಆಮೇಲೆ ಅಂದಳು.

“ಆ ಬಟ್ಟೆಗೆ ಎರಡು ಕಡೆ ಅಂತ ನನಗೆ ಇವತ್ತು ತಿಳೀತು. ದೇವರು ಯಾವ ಕಡೆ ಕೂತು ನೋಡ್ತಾನೆ ಅಂತ ನಿಮ್ಮಪ್ಪನಿಗೆ ಯಾರು ಹೇಳಿದ್ರು?”

ತುತ್ತು ಅವನ ಕೈಯಲ್ಲೇ ಉಳಿಯಿತು. ಅಷ್ಟು ವರ್ಷ ಯಾರೂ ಕೇಳದ ಪ್ರಶ್ನೆ ಅದು. ಅವನ ಕಣ್ಣು ತುಂಬಿದ್ದನ್ನು ನೋಡಿಯೂ ನೋಡದವಳಂತೆ ಅವಳು ಕ್ಯಾರಿಯರಿನ ಇನ್ನೊಂದು ಬಟ್ಟಲು ಮುಂದೆ ತಳ್ಳಿದಳು.

“ಪಲ್ಯ ಹಾಕ್ಕೊಳ್ಳಿ. ನಾಳೆ ನನ್ನ ನೋಡೋಕೆ ಬರ್ತಾರೆ.”

“ಯಾರು?”

“ಮುಂದಿನ ಕುರ್ಚೀಲಿ ಟೋಪಿ ಹಾಕ್ಕೊಂಡು ಕೂತಿದ್ರಲ್ಲ, ಅವರು. ತರೀಕೆರೆಯ ಬಸವರಾಜಪ್ಪ. ಅಡಿಕೆ ಮಂಡಿ ಇದೆಯಂತೆ. ಬೆಂಗಳೂರಿಗೆ ಹೋದಾಗೆಲ್ಲ ಪತ್ತೇದಾರಿ ಚಿತ್ರಾನೇ ನೋಡೋದಂತೆ. ಅಪ್ಪ ಒಪ್ಪಿ ಆಗಿದೆ.”

“ನೀವು?”

ಅವಳು ತಲೆ ಎತ್ತಿದಳು. “ಹಾಗಂತ ನನ್ನ ಕೇಳಿದೋರು ನೀವೇ ಮೊದಲು.”

ಗಾಳಿಗೆ ಅವಳ ಕಿವಿಯ ಹತ್ತಿರದ ಕೂದಲು ಹಾರುತ್ತಿತ್ತು. ನಾಗೇಶ ಏನೋ ಹೇಳಹೊರಟ. ಮನೆಯಿಲ್ಲದವನು, ಹಸಿದಾಗ ಅಪ್ಪನ ಬಾಗಿಲಿಗೆ ಹೋಗಲಾಗದವನು, ಏನು ಹೇಳಿಯಾನು?

“ನಾಳೆ ಬಸ್ಸಿಗೆ ನಾನು ಹೊರಡ್ತೀನಿ,” ಎಂದ.

“ಹೊರಡಿ,” ಎಂದಳು, ತಣ್ಣಗೆ. “ಪತ್ತೇದಾರರು ಎಲ್ಲಾ ಹಾಗೇ. ಕೊನೇಲಿ ಕೋಟು ಏರಿಸ್ಕೊಂಡು ಹೊರಟುಬಿಡ್ತಾರೆ.”

ಮರುದಿನ ಬೆಳಿಗ್ಗೆ ಬಸವರಾಜಪ್ಪ ರೈಟರ ಪಡಸಾಲೆಯಲ್ಲಿ ಕೂತು, ತೊಡೆಯ ಮೇಲೆ ಟೋಪಿ ಇಟ್ಟುಕೊಂಡು, ಹೆಣ್ಣು ನೋಡುವುದು ಬಿಟ್ಟು ತನ್ನ ಜಾಣತನವನ್ನು ಬಿಚ್ಚಿ ಬಿಚ್ಚಿ ಹಾಸುತ್ತಿದ್ದ.

“ಮೊದಲ್ನೇ ರೀಲಲ್ಲೇ ನನಗೆ ಕೊಲೆಗಾರ ಗೊತ್ತಾಗಿಬಿಡುತ್ತೆ ರೈಟರೇ. ಸೂಕ್ಷ್ಮ ಬೇಕು, ಸೂಕ್ಷ್ಮ.”

ಕಾಫಿ ತಂದಿಟ್ಟ ಗಿರಿಜಾಂಬಾಳ ಕಡೆ ಅವನು ಸೂಕ್ಷ್ಮವಾಗಿ ನೋಡಿದ. ಅವಳು ಅವನ ಮೀಸೆಗೆ ಹತ್ತಿದ್ದ ಅವಲಕ್ಕಿಯನ್ನು ಸೂಕ್ಷ್ಮವಾಗಿ ನೋಡಿದಳು.

“ಹಾಗಾದ್ರೆ ಕೊನೇ ತನಕ ಯಾಕೆ ಕೂರ್ತೀರಿ?” ಎಂದು ಕೇಳಿದಳು.

“ಗಿರಿಜಾ!” ಎಂದರು ಶಾಂತವೀರಪ್ಪ.

ಆಗ ನಾಗೇಶ ಬಾಗಿಲಲ್ಲಿ ಕಾಣಿಸಿಕೊಂಡ. ತೊಳೆದ ಕ್ಯಾರಿಯರು ಬಲಗೈಯಲ್ಲಿ, ಎಡಗೈ ಕಿಸೆಯಲ್ಲಿ. ಕ್ಯಾರಿಯರು ಆಳಿನ ಕೈಯಲ್ಲೂ ಕಳಿಸಬಹುದಿತ್ತು. ರಾತ್ರಿಯೆಲ್ಲ ಹಾಗೆಂದುಕೊಂಡೇ ಮಲಗಿದ್ದವನು ಬೆಳಗಾಗುತ್ತಲೇ ತಾನೇ ಬಂದಿದ್ದ. ಅದನ್ನು ಅಲ್ಲಿಟ್ಟು ಒಂದು ಗಳಿಗೆ ನಿಂತ.

ಬಸವರಾಜಪ್ಪನ ಹುಬ್ಬು ಮೇಲೇರಿತು. ತಟ್ಟೆಯಿಂದ ಒಂದು ಕಿತ್ತಳೆ ಎತ್ತಿ, “ಹಿಡಿಯಪ್ಪಾ!” ಎಂದು ಫಕ್ಕನೆ ಎಸೆದ.

ಕೈ ಕಿಸೆಯಿಂದ ಹಕ್ಕಿಯ ಹಾಗೆ ಎದ್ದು ಹಣ್ಣನ್ನು ಹಿಡಿಯಿತು. ಎಡಗೈ.

“ಸಿಕ್ಕಿದ!” ಬಸವರಾಜಪ್ಪ ಎದ್ದು ನಿಂತೇಬಿಟ್ಟ. “ನಿನ್ನೆ ಕೋಲು ಹಿಡಿದದ್ದು ನೋಡಿದಾಗಲೇ ಅನುಮಾನ ಬಂತು. ಎಡಚ! ರೈಟರೇ, ಇಂಥವನ ಎಡಗೈ ತಾಗಿದ ಪಾತ್ರೆ ಮತ್ತೆ ನಿಮ್ಮ ಅಡುಗೆಮನೆಗೆ ಹೋಗುತ್ತಾ? ಲಿಂಗವಂತರ ಮನೆ ಇದು! ಎಡಗೈ ಯಾವುದಕ್ಕೆ ಅಂತ ಹೆಂಗಸರ ಮುಂದೆ ಹೇಳ್ಬೇಕಾ ನಾನು?”

ಶಾಂತವೀರಪ್ಪ ಕಕ್ಕಾಬಿಕ್ಕಿಯಾದರು. ನಾಗೇಶ ಕಿತ್ತಳೆ ಹಿಡಿದು ಕಳ್ಳನ ಹಾಗೆ ನಿಂತಿದ್ದ. ಬೀರೂರಿನ ಆ ಬಾಗಿಲ ಸಂದಿನ ನಗು ಇಲ್ಲೂ ಕೇಳೀತೆಂದು ಅವನ ಕಿವಿ ಕಾಯುತ್ತಿತ್ತು.

ನಗು ಬರಲಿಲ್ಲ. ಗಿರಿಜಾಂಬಾ ಬಂದು ನಡುವೆ ನಿಂತಳು. ತನ್ನ ಎಡ ಅಂಗೈ ಬಿಚ್ಚಿ ಬಸವರಾಜಪ್ಪನ ಮೂಗಿನ ಮುಂದೆ ಹಿಡಿದಳು.

“ಹೆಂಗಸರ ಮುಂದೆ ಹೇಳಿ, ಪರವಾಗಿಲ್ಲ. ಇವತ್ತು ಬೆಳಿಗ್ಗೆ ಸ್ನಾನ ಮಾಡಿ ನೀವು ಲಿಂಗ ಇಟ್ಕೊಂಡದ್ದು ಯಾವ ಕೈ ಮೇಲೆ?”

ಬಸವರಾಜಪ್ಪನ ಕಣ್ಣು ತನ್ನ ಎಡ ಅಂಗೈಗೆ ಇಳಿಯಿತು.

“ನಮ್ಮ ಸ್ವಾಮಿ ದಿನಾ ಬಂದು ಕೂರೋ ಜಾಗ ಇದು. ಇದು ಹೊಲಸು ಅಂತಾದ್ರೆ, ನಾಳೆಯಿಂದ ನಿಮ್ಮ ದೇವರನ್ನ ಆ ಟೋಪೀಲಿ ಕೂರಿಸಿ.”

ಒಳಬಾಗಿಲಲ್ಲಿ ಕೂತಿದ್ದ ವಿಶಾಲಾಕ್ಷಮ್ಮ ಸೊಸೆಯಂದಿರನ್ನು, ಮೊಮ್ಮಕ್ಕಳನ್ನು, ಮೂರು ಜನ ದೊರೆಗಳನ್ನು ಕಂಡ ಮುದುಕಿ. ವಿಭೂತಿಯ ಹಣೆಯನ್ನು ನಿಧಾನವಾಗಿ ಎತ್ತಿದರು.

“ಬಸವರಾಜಪ್ಪನವರೇ,” ಎಂದರು, ಬಹಳ ಮೃದುವಾಗಿ, “ಕಾಫಿ ಆರ್ತಾ ಇದೆ. ಕುಡಿದು ಹೊರಡಿ.”

ಅವನು ಕುಡಿಯದೆಯೇ ಹೊರಟ.

“ಅವ್ವಾ, ಇನ್ನು ಇವಳನ್ನ ಯಾರು ಕೇಳ್ತಾರೆ?” ಶಾಂತವೀರಪ್ಪ ತಲೆಯ ಮೇಲೆ ಕೈ ಹೊತ್ತರು.

“ಕೇಳೋನು ಹಣ್ಣು ಹಿಡ್ಕೊಂಡು ನಿಂತಿದಾನೆ,” ಎಂದರು ಅಜ್ಜಿ. “ಏನಪ್ಪಾ, ಇಲ್ಲಿಗೆ ಬಂದದ್ದು ಕ್ಯಾರಿಯರು ಕೊಡೋಕಾ?”

ನಾಗೇಶ ಕಿತ್ತಳೆಯನ್ನು ತಟ್ಟೆಗೆ ಹಾಕಿದ. ಕೈ ಕಿಸೆಗೆ ಹೋಗಲಿಲ್ಲ.

“ಅಲ್ಲ ಅಜ್ಜೀ. ನಾನು ಇವರನ್ನ ಕೇಳೋಕೆ ಬಂದೆ. ನನಗೆ ಮನೆ ಇಲ್ಲ. ಅಪ್ಪ ಮಾತಾಡಲ್ಲ. ಪೂಜೆ ಕೂಡ ಲೋಕದ ಹಾಗೆ ಮಾಡೋಕೆ ಬರಲ್ಲ. ಮುಚ್ಚಿಟ್ಟು ಕೇಳೋಕೆ ಮನಸ್ಸಾಗಲಿಲ್ಲ.”

“ಹೇಗೆ ಬರುತ್ತೋ ಹಾಗೇ ಮಾಡು. ನೋಡ್ತೀನಿ,” ಎಂದರು ಅಜ್ಜಿ.

ದೇವರ ಕೋಣೆಯಲ್ಲಿ ಅವನನ್ನು ಕೂರಿಸಿದರು. ಅವನು ವಿಭೂತಿ ಧರಿಸಿ, ಕೊರಳಿನ ಲಿಂಗ ಬಿಚ್ಚಿ, ಬಲ ಅಂಗೈಯಲ್ಲಿ ಇಟ್ಟುಕೊಂಡ. ಎಡಗೈಯಿಂದ ಒಂದು ಪತ್ರೆ ಏರಿಸಿದ. ಆಮೇಲೆ ಅಲ್ಲಿ ರೈಟರೂ ಇರಲಿಲ್ಲ, ಅಜ್ಜಿಯೂ ಇರಲಿಲ್ಲ. ಅವನೂ ಅವನ ದೇವರೂ ಮಾತ್ರ ಇದ್ದರು. ಅಪ್ಪನ ಪಕ್ಕದಿಂದ ಎದ್ದ ಮೇಲೆ ಒಂದು ಮನೆಯೊಳಗೆ ಕೂತು ಅವನು ಮಾಡಿದ ಮೊದಲ ಪೂಜೆ ಅದು.

“ಸರಿಯಿಲ್ಲ ಅಲ್ವಾ ಅವ್ವಾ?” ಎಂದು ಶಾಂತವೀರಪ್ಪ ಪಿಸುಗುಟ್ಟಿದರು.

“ನಾನು ಕೈ ನೋಡ್ಲಿಲ್ಲ ಶಾಂತೂ. ಕಣ್ಣು ನೋಡ್ದೆ. ಆ ಕಡೆ ಈ ಕಡೆ ಹೋಗ್ಲೇ ಇಲ್ಲ.” ಅಜ್ಜಿ ಮೊಮ್ಮಗಳ ಕಡೆ ತಿರುಗಿದರು. “ಏಳೋವಾಗ ಒಂದ್ಸಲ ಬಾಗಿಲ ಕಡೆ ಹೋಯ್ತು. ಅದು ಬಿಡು, ವಯಸ್ಸಿಂದು.”

ಗಿರಿಜಾಂಬಾ ಸೆರಗಿನ ತುದಿ ಕಚ್ಚಿಕೊಂಡು ಒಳಗೆ ಓಡಿದಳು.

ಇದ್ರೀಸನ ಬಸ್ಸು ಎಸ್ಟೇಟಿನ ಗೇಟಿನಲ್ಲಿ ಇದ್ದಿಲ ಹೊಗೆ ಕಾರುತ್ತಾ ಏದುಸಿರು ಬಿಡುತ್ತಿತ್ತು. ನಾಗೇಶ ರೀಲಿನ ಪೆಟ್ಟಿಗೆಗಳನ್ನು ಸಿನಿಮಾ ಯಜಮಾನನಿಗೆ ಒಪ್ಪಿಸಿ, ಕಡೂರಿಗೆ ಹೋಗಿ, ತಂದೆಯ ಮುಂದೆ ನಿಂತು, ಮದುವೆಯ ಮಾತಿಗೆ ಹಿರಿಯರನ್ನು ಕರೆದುಕೊಂಡು ಬರಬೇಕೆಂದು ಮನೆಯಲ್ಲಿ ಮಾತಾಗಿತ್ತು. ಬಸ್ಸಿನ ಇದ್ದಿಲಿಗೆ ಬೆಂಕಿ ಹಿಡಿಯುವ ತನಕ ಇಬ್ಬರಿಗೂ ಮಾತಿಗೆ ಸಮಯ ಸಿಕ್ಕಿತು. ಇದ್ರೀಸ್ ಬೇಕೆಂದೇ ನಿಧಾನವಾಗಿ ಅದಕ್ಕೆ ಗಾಳಿ ಊದುವ ಚಕ್ರ ತಿರುಗಿಸುತ್ತಿದ್ದ.

“ಅಪ್ಪ ಬರದಿದ್ರೆ?” ಎಂದ ನಾಗೇಶ.

“ಒಬ್ಬರೇ ಬನ್ನಿ. ಆಮೇಲೆ ಇಬ್ಬರೂ ಹೋಗೋಣ. ಅವರ ಹತ್ತಿರ ನಾನು ಮಾತಾಡ್ತೀನಿ.”

“ಅಯ್ಯೋ, ಪಾಪ ಅಪ್ಪ.”

ಅವಳು ಕಣ್ಣು ಕಿರಿದು ಮಾಡಿದಳು. ಅವನು ನಕ್ಕು, ಆಮೇಲೆ ನಗು ಬಿಟ್ಟು ಕೇಳಿದ. “ನಿಜ ಹೇಳಿ. ನನ್ನಲ್ಲಿ ಏನು ಕಂಡು ಒಪ್ಪಿದ್ರಿ?”

“ಏನೂ ಕಾಣ್ಲಿಲ್ಲ. ಕತ್ತಲಿತ್ತು.”

“ಗಿರಿಜಾ…”

ಹೆಸರು ಹಾಗೆ ಕೇಳಿ ಅವಳ ಮಾತಿನ ಮೊನೆಯೆಲ್ಲ ಬಾಗಿತು. ನೆಲ ನೋಡುತ್ತಾ ಅಂದಳು. “ಎಲ್ಲರ ಮುಂದೆ ಗುಡುಗೋ ಮನುಷ್ಯ ನನ್ನ ನೋಡಿ ಮಾತು ನುಂಗಿದ್ರಲ್ಲ, ಆವಾಗ. ಸಾಕಾ? ಹತ್ತಿ ಇನ್ನು. ಇನ್ನೊಂದು ಮಾತು. ಮದುವೆ ಆದ ಮೇಲೆ ಮನೇಲಿ ಪತ್ತೇದಾರರ ಸುದ್ದಿ ಎತ್ತಬಾರದು.”

ಬಸ್ಸು ಏದುತ್ತಾ ತಿರುವು ದಾಟಿತು. ಹೊಗೆ ಆರುವ ತನಕ ಅವಳು ನಿಂತಿದ್ದಳು.

ತಲೆಯ ಮೇಲೆ ಸೌದೆ ಹೊತ್ತು ಅಣ್ಣಮ್ಮ ಎದುರಾದಳು. ಊರಿಗೆಲ್ಲ ಸುದ್ದಿ ಮುಟ್ಟಿಸುವ ಅವಸರ ಅವಳ ಮುಖದಲ್ಲೇ ಇತ್ತು.

“ಹೌದಾ ಅಮ್ಮಾ? ನಿಜನಾ? ಲೈನಲ್ಲಿ ಹೇಳ್ತೀನಿ ಹಾಗಾದ್ರೆ. ಹುಡುಗನ ಹೆಸರು ಎಂತದು? ನಾಗಪ್ಪನಾ, ನಾಗಣ್ಣನಾ?”

ತಿಂಗಳೆಲ್ಲ ಆ ಹೆಸರನ್ನು ಗಿರಿಜಾಂಬಾ ಎಷ್ಟು ತಾತ್ಸಾರದಿಂದ ಉಗಿದಿದ್ದಳೋ ಲೆಕ್ಕವಿಲ್ಲ. ಈಗಲೂ ಹೇಳಲು ಬಾಯಿ ತೆರೆದಳು. ಹೆಸರು ನಾಲಿಗೆಯ ತುದಿಗೆ ಬಂತು. ಬಂದು ಅಲ್ಲೇ ನಿಂತಿತು. ಗಂಡನ ಹೆಸರನ್ನು ಹೆಂಗಸರು ಬಾಯಲ್ಲಿ ಹೇಳುವ ಪದ್ಧತಿ ಆ ಬೆಟ್ಟಗಳಲ್ಲಿ ಇರಲಿಲ್ಲ.

“ಅಜ್ಜಿನ ಕೇಳು ಹೋಗೇ,” ಎಂದಳು ಗಿರಿಜಾಂಬಾ, ಮುಖ ಆಚೆ ತಿರುಗಿಸಿ.

ಅಣ್ಣಮ್ಮ ಸೌದೆ ಹೊರೆಯನ್ನು ದಾರಿಯಲ್ಲೇ ಇಳಿಸಿ ಮನಸಾರೆ ನಕ್ಕಳು.